ನಮ್ಮೂರ ಕಾಲುವೆಯಲ್ಲಿ ದೋಣಿ ಹೋಗಲ್ಲ

ಆಮ್‌ಸ್ಟರ್‌ಡ್ಯಾಮ್‌ನಿಂದ ವಾಪಸ್ ಬಂದ ನಮ್ಮ ಟೀಮ್ ಲೀಡ್ ಊಟದ ಟೇಬಲ್ಲಿನಲ್ಲಿ ಫೋನ್ ಹಿಡಿದು ಕೂತಿದ್ದರು. ಕಾಲುವೆ, ಕಾಲುವೆ ಮೇಲೊಂದು ಸೇತುವೆ, ಸೇತುವೆಗೆ ಒರಗಿಸಿಟ್ಟ ಸೈಕಲ್ಲು. ಮತ್ತೆ ಇನ್ನೊಂದು ಕಾಲುವೆ. 17ನೇ ಶತಮಾನದಲ್ಲಿ ಪ್ಲಾನ್ ಹಾಕಿ ತೋಡಿದ್ದಂತೆ, 2010ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತಂತೆ. ಎಲ್ಲರೂ ಬಾಯಿ ಬಿಟ್ಟು ನೋಡುತ್ತಿದ್ದರು. ನಾನು ಸುಮ್ಮನೆ ಮೊಸರನ್ನ ತಿಂದು ಎದ್ದು ಹೋಗಬೇಕಿತ್ತು. ಬಾಯಿ ತಪ್ಪಿ, "ನಮ್ಮೂರಲ್ಲೂ ಕಾಲುವೆ ಇದೆ" ಅಂದುಬಿಟ್ಟೆ.

"ಯಾವೂರು ನಿಮ್ದು? ಹುಬ್ಳಿ ಅಲ್ವಾ?"

ತಪ್ಪು ಅವರದಲ್ಲ. ಬೆಂಗಳೂರಿಗೆ ಬಂದ ಹತ್ತು ವರ್ಷಗಳಲ್ಲಿ ನಾನು ಎಲ್ಲರಿಗೂ ಹೇಳಿದ್ದು "ಹುಬ್ಳಿ ಹತ್ರ" ಅಂತಲೇ. ಹಾವೇರಿ ಅಂದರೆ ಅರ್ಧ ಜನಕ್ಕೆ ಗೊತ್ತಾಗಲ್ಲ, ಹಾನಗಲ್ ಅಂದರೆ "ಓ, ಗಂಗೂಬಾಯಿ ಹಾನಗಲ್!" ಅಂತಾರೆ. ಆಯಮ್ಮ ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ನಮ್ಮ ಊರು ಜಗತ್ತಿಗೆ ಗೊತ್ತಿರೋದು ಹೆಸರಿನ ಕೊನೆಗೆ ಅಂಟಿಕೊಂಡ ಊರಾಗಿ ಮಾತ್ರ.

ಟೇಬಲ್ಲಿನ ಆ ತುದಿಯಲ್ಲಿ ಆಲಪ್ಪುಳದ ಗೆಳೆಯ ಕೂತಿದ್ದ. ಕಾಲುವೆ ವಿಷಯದಲ್ಲಿ ಅವನ ಮುಂದೆ ಯಾರೂ ಮಾತಾಡೋ ಹಾಗಿಲ್ಲ. ಅವನ ಊರಿಗೆ 'ಪೂರ್ವದ ವೆನಿಸ್' ಅಂತಲೇ ಹೆಸರು. ಅವನು ಒಂದೇ ಪ್ರಶ್ನೆ ಕೇಳಿದ. "ಬೋಟ್ ಹೋಗುತ್ತಾ?"

"ಇಲ್ಲ."

"ಹಾಗಾದ್ರೆ ಅದು ಕಾಲುವೆ ಅಲ್ಲ ಮಾರಾಯಾ, ಚರಂಡಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಸಿಟ್ಟು ಬಂದಿತ್ತು. ಹೇಗೂ ಆ ತಿಂಗಳು ಊರಿಗೆ ಹೋಗೋದಿತ್ತು. ನಮ್ಮ ಒಂದೂವರೆ ಎಕರೆ ಗದ್ದೆ ಮಾರೋ ಮಾತುಕತೆ ನಡೆದಿತ್ತು. ಬೆಂಗಳೂರಲ್ಲಿ ಫ್ಲಾಟಿಗೆ ಡೌನ್ ಪೇಮೆಂಟ್ ಕಟ್ಟಬೇಕು, ಅದಕ್ಕೆ ಅಪ್ಪನನ್ನು ಒಪ್ಪಿಸಬೇಕು. ಜೊತೆಗೆ ಯಾರಾದರೂ ಇದ್ದರೆ ಅಪ್ಪ ಸಿಟ್ಟಾಗಲ್ಲ ಅನ್ನೋ ಲೆಕ್ಕಾಚಾರವೂ ಇತ್ತು. "ಬಾ, ತೋರಿಸ್ತೀನಿ" ಅಂದೆ. ಅದು 2022ರ ಸೆಪ್ಟೆಂಬರ್.

ರಾತ್ರಿ ರೈಲು, ಬೆಳಿಗ್ಗೆ ಹಾವೇರಿ, ಅಲ್ಲಿಂದ ಬಸ್ಸು. ನಾನು ಫೋನಿನಲ್ಲಿ ಎರಡು ದಿನದ ಪ್ಲಾನ್ ಮಾಡಿಕೊಂಡಿದ್ದೆ: ಮೊದಲು ತಾರಕೇಶ್ವರ ಗುಡಿ, ಆಮೇಲೆ ಕೋಟೆ, ಮರುದಿನ ಬಂಕಾಪುರ, ಸವಣೂರು, ಟೈಮಿದ್ದರೆ ಹಿರೇಕೆರೂರು. ಅವ್ವ ರೊಟ್ಟಿ, ಎಣ್ಣೆಗಾಯಿ ಬಡಿಸುವಾಗ ಇದನ್ನೆಲ್ಲ ಓದಿ ಹೇಳಿದೆ. ಅಪ್ಪ ತಾಟು ಬದಿಗಿಟ್ಟು, "ಗುಡಿ ಎಲ್ಲಿ ಓಡಿ ಹೋಗ್ತೈತಿ? ಮೊದಲ ನೀರು ನೋಡ್ರಿ" ಅಂದರು. ಗೆಳೆಯನಿಗೆ ಕನ್ನಡ ಅಷ್ಟಕ್ಕಷ್ಟೇ, ಆದರೆ 'ನೀರು' ಅವನಿಗೆ ತಿಳಿಯಿತು. ಚಪ್ಪಲಿ ಮೆಟ್ಟಿಕೊಂಡು ಎದ್ದೇ ಬಿಟ್ಟ.

ಹೊಸಬರಿಗಾಗಿ ಸ್ವಲ್ಪ ಭೂಗೋಳ. ಹಾನಗಲ್ ಅರೆಮಲೆನಾಡು. ಪಶ್ಚಿಮಕ್ಕೆ ಹೋದರೆ ಮುಂಡಗೋಡ, ಶಿರಸಿಯ ಕಾಡು. ಪೂರ್ವಕ್ಕೆ ಹೋದರೆ ಮೆಕ್ಕೆಜೋಳ, ಹತ್ತಿಯ ಬಯಲು. ಆ ಕಾಡಿನ ಕಡೆಯಿಂದ ಧರ್ಮಾ ಅನ್ನೋ ಸಣ್ಣ ನದಿ ಇಳಿದು ಬಂದು, ಊರ ಮಗ್ಗುಲಲ್ಲೇ ಹಾದು ವರದೆಯನ್ನು ಸೇರುತ್ತದೆ. ವರದೆ ಮುಂದೆ ಗಳಗನಾಥದಲ್ಲಿ ತುಂಗಭದ್ರೆಗೆ ಸೇರುತ್ತದೆ. ಧರ್ಮಾ ಮಳೆಗಾಲದ ನದಿ. ನಾಲ್ಕು ತಿಂಗಳು ಕೆಂಪಾಗಿ ಸೊಕ್ಕಿ ಹರಿದು, ಬೇಸಿಗೆ ಬಂದರೆ ಕಲ್ಲು ತೋರಿಸುತ್ತದೆ. ಇಂಥ ನದಿಯನ್ನು ನಂಬಿ ಭತ್ತ ಬೆಳೆಯೋದು ಹೇಗೆ?

ಹಳೆಯ ಕಾಲದವರು ಕಂಡುಕೊಂಡ ಉಪಾಯ ಹೀಗಿದೆ. ನದಿಗೆ ಅಡ್ಡಲಾಗಿ ಒಂದು ಒಡ್ಡು ಹಾಕಿ, ಎಡಕ್ಕೂ ಬಲಕ್ಕೂ ಕಾಲುವೆ ತೆಗೆದರು. ಆದರೆ ಆ ಕಾಲುವೆಯ ಮುಖ್ಯ ಕೆಲಸ ನೇರವಾಗಿ ಗದ್ದೆಗೆ ನೀರು ಕೊಡೋದಲ್ಲ, ದಾರಿಯುದ್ದಕ್ಕೂ ಇರುವ ಕೆರೆಗಳನ್ನು ತುಂಬಿಸೋದು. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೊಂದಕ್ಕೆ. ನದಿ ಬತ್ತಿದ ಮೇಲೂ ಕೆರೆಯ ತೂಬಿನಿಂದ ನೀರು ಬಿಡಬಹುದು. 1884ರ ಧಾರವಾಡ ಗೆಜೆಟಿಯರ್ ಬರೆಯುವ ಹೊತ್ತಿಗಾಗಲೇ ಇದು ಹಳೆಯ ವ್ಯವಸ್ಥೆ. ಸ್ವಾತಂತ್ರ್ಯ ಬಂದ ಮೇಲೆ ಮೇಲ್ಗಡೆ, ಮುಂಡಗೋಡ ತಾಲ್ಲೂಕಿನ ಮಳಗಿ ಹತ್ತಿರ ಧರ್ಮಾ ಜಲಾಶಯ ಕಟ್ಟಿದರು. ಅಣೆಕಟ್ಟು ಇರೋದು ಉತ್ತರ ಕನ್ನಡದಲ್ಲಿ, ಅದರ ನೀರಿಗೆ ಕಾಯೋರು ಹಾನಗಲ್ಲಿನವರು. ಆ ಕಡೆ ಮಳೆ ಎಷ್ಟಾಯ್ತು ಅಂತ ನಮ್ಮಪ್ಪ ದಿನಾ ಪೇಪರಿನಲ್ಲಿ ನೋಡೋದು ಅದಕ್ಕೇ.

ಕಾಲುವೆ ದಂಡೆಯ ಮೇಲೆ ನಡೆದೆವು. ಫೋಟೋಗೆ ಹೇಳಿ ಮಾಡಿಸಿದ ಜಾಗವೇನಲ್ಲ. ಒಂದು ಕಡೆ ಬಟ್ಟೆ ಒಗೆಯುತ್ತಿದ್ದರು, ಇನ್ನೊಂದು ಕಡೆ ಎಮ್ಮೆ ಬಿದ್ದುಕೊಂಡಿದ್ದವು. ಮಣ್ಣಿನ ಬಣ್ಣದ ನೀರು ಸದ್ದಿಲ್ಲದೆ ಹೊರಟಿತ್ತು. ಎಡಬಲಕ್ಕೆ ಕಣ್ಣು ಹಾಯುವಷ್ಟು ಭತ್ತ. ಇಲ್ಲಿ ಭತ್ತವನ್ನು ನಾಟಿ ಮಾಡೋದಕ್ಕಿಂತ ಕೂರಿಗೆಯಲ್ಲಿ ಬಿತ್ತೋದೇ ಹಳೆಯ ವಾಡಿಕೆ. ಜೋಳ ಬಿತ್ತಿದ ಹಾಗೆ ಒಣ ಮಣ್ಣಿನಲ್ಲಿ ಸಾಲು ಹಿಡಿದು ಬಿತ್ತುತ್ತಾರೆ, ಮಳೆ ಹಿಡಿದ ಮೇಲೆ ನೀರು ಕಟ್ಟುತ್ತಾರೆ. ಕುಟ್ಟನಾಡಿನ ಕಡೆ ಭತ್ತ ನೋಡಿ ಬೆಳೆದ ಗೆಳೆಯನಿಗೆ ಇದು ನಂಬಲಿಕ್ಕಾಗಲಿಲ್ಲ. ಬಗ್ಗಿ ಸಾಲು ಎಣಿಸಿದ.

ಆಮೇಲೆ ಹರಕುಮುರುಕು ಕನ್ನಡದಲ್ಲಿ ಅಪ್ಪನನ್ನೇ ಕೇಳಿದ. "ಅಂಕಲ್, ಇಲ್ಲಿ ಬೋಟ್ ಯಾಕೆ ಇಲ್ಲ?"

ಅಪ್ಪ ಒಂದು ಗಳಿಗೆ ಅವನ ಮುಖ ನೋಡಿದರು. "ದೋಣಿ ತಗೊಂಡು ಎಲ್ಲಿಗೆ ಹೋಗೂದೈತಿ ತಮ್ಮಾ? ನಮಗ ನೀರ ಬಂದ್ರ ಸಾಕು. ನಾವು ಎಲ್ಲಿಗೂ ಹೋಗೂದು ಬ್ಯಾಡ."

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತನ್ನ ಊರಿನ ಕಥೆ ಹೇಳಿದ. 18ನೇ ಶತಮಾನದಲ್ಲಿ ತಿರುವಾಂಕೂರಿನವರು ಬಂದರು ಕಟ್ಟಿದ್ದು, ಹಿನ್ನೀರಿನಿಂದ ಬಂದರಿಗೆ ಮೆಣಸು, ತೆಂಗಿನ ನಾರು ಸಾಗಿಸಲಿಕ್ಕೆ ಕಾಲುವೆ ತೋಡಿದ್ದು, ಬಂದರು ನಿಂತುಹೋದ ಮೇಲೆ ಕಾಲುವೆಗೆ ಕೆಲಸವೇ ಇಲ್ಲದಂತಾದದ್ದು. "ನಮ್ಮ ಕಾಲುವೆ ವ್ಯಾಪಾರದ್ದು, ನಿಮ್ಮದು ಅನ್ನದ್ದು" ಅಂದ. ಆಮ್‌ಸ್ಟರ್‌ಡ್ಯಾಮಿನ ಕಥೆಯೂ ಅಷ್ಟೇ. ಅವರಿಗೆ ಹೆಚ್ಚಾದ ನೀರನ್ನು ಹೊರಗೆ ಹಾಕಬೇಕಿತ್ತು, ಸರಕನ್ನು ಒಳಗೆ ತರಬೇಕಿತ್ತು. ನಮಗೆ ಇರುವಷ್ಟು ನೀರನ್ನು ಹಿಡಿದಿಟ್ಟುಕೊಂಡರೆ ಸಾಕಿತ್ತು.

ನಡೆಯುತ್ತಾ ಆನಿಕೆರೆಗೆ ಬಂದೆವು. ಪುಸ್ತಕದಲ್ಲಿ ಆನೆಕೆರೆ, ಊರವರ ಬಾಯಲ್ಲಿ ಆನಿಕೆರೆ. ಹಾನಗಲ್ ಪೇಟೆಗೆ ಕುಡಿಯೋ ನೀರು ಇಲ್ಲಿಂದಲೇ. ಧರ್ಮಾ ಕಾಲುವೆಯ ನೀರು ಬಂದರೆ ಕೆರೆ ತುಂಬುತ್ತದೆ, ಕೆರೆ ತುಂಬಿದರೆ ನಲ್ಲಿ ಬರುತ್ತದೆ. ಚಿಕ್ಕವನಿದ್ದಾಗ ಇಲ್ಲಿ ಕಲ್ಲು ಎಸೆಯೋದು ಬಿಟ್ಟು ಬೇರೇನೂ ಮಾಡಿರಲಿಲ್ಲ ನಾನು.

ಈ ಕೆರೆಗೆ ಒಂದು ದೊಡ್ಡ ಕಥೆ ಇದೆ. ಅದನ್ನು ನಾನು ಓದಿದ್ದು ಊರು ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ, ಬೆಂಗಳೂರಿನ ಮೆಟ್ರೋದಲ್ಲಿ ಕೂತು, ಫೋನಿನಲ್ಲಿ. ಹಳೆಯ ಶಾಸನಗಳಲ್ಲಿ ಹಾನಗಲ್ಲಿನ ಹೆಸರು ಪಾನುಂಗಲ್. ವಿರಾಟನ ಕೋಟೆ, ವಿರಾಟನಗರಿ ಅನ್ನೋ ಹೆಸರೂ ಇದೆ. ಪಾಂಡವರು ಅಜ್ಞಾತವಾಸ ಮಾಡಿದ್ದು ಇಲ್ಲೇ ಅಂತ ನಮ್ಮಜ್ಜಿ ಕೊನೆಯವರೆಗೂ ನಂಬಿದ್ದಳು. ಇತಿಹಾಸಕ್ಕೆ ಬಂದರೆ, ಕಲ್ಯಾಣದ ಚಾಲುಕ್ಯರ ಕೈಕೆಳಗೆ ಪಾನುಂಗಲ್ ಐನೂರು ಅನ್ನೋ ನಾಡನ್ನು ಕದಂಬರ ಒಂದು ಶಾಖೆ ಆಳುತ್ತಿತ್ತು, ಹಾನಗಲ್ ಕದಂಬರು ಅಂತ. ಚಾಲುಕ್ಯರ ಕಾಲ ಮುಗಿಯುತ್ತಾ ಬಂದಾಗ ಉತ್ತರದಿಂದ ಸೇವುಣರು, ದಕ್ಷಿಣದಿಂದ ಹೊಯ್ಸಳರು ಮೇಲೇರಿ ಬಂದರು. 1196ರಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳ ಹಾನಗಲ್ಲಿಗೆ ಮುತ್ತಿಗೆ ಹಾಕಿದ. ಕದಂಬರ ಕಾಮದೇವ ಆಗ ಇಲ್ಲಿನ ದೊರೆ. ಹಾನಗಲ್ಲಿನ ಒಂದು ವೀರಗಲ್ಲು ಆ ಯುದ್ಧದ ಕಥೆ ಹೇಳುತ್ತದೆ. ಬಲ್ಲಾಳ ಬಂದು ಬೀಡುಬಿಟ್ಟದ್ದು ಎಲ್ಲಿ ಗೊತ್ತಾ? ಆನೆಕೆರೆಯ ಬಳಿ. ಅಲ್ಲಿಂದಲೇ ಪಟ್ಟಣದ ಮೇಲೆ ಬಿದ್ದ. ಕಾಮದೇವನ ದಂಡನಾಯಕ ಸೋಹಣಿ ಆ ಸಲ ಅವನನ್ನು ಹಿಮ್ಮೆಟ್ಟಿಸಿದ, ಆ ಕಾಳಗದಲ್ಲೇ ಸತ್ತ.

ಬಲ್ಲಾಳನ ರಾಜಧಾನಿ ದೋರಸಮುದ್ರ. ಆ ಹೆಸರಿನಲ್ಲಿರೋ ಸಮುದ್ರ ಅಂದರೆ ಅಲ್ಲಿನ ಕೆರೆ. ಕೆರೆಯ ದಂಡೆಯಲ್ಲಿ ಬೆಳೆದ ಅರಸನಿಗೆ ಒಂದು ಊರನ್ನು ಎಲ್ಲಿ ಹಿಡಿಯಬೇಕು ಅನ್ನೋದು ಗೊತ್ತಿತ್ತು ಅಂತ ನನ್ನ ಊಹೆ. ಕೋಟೆಯ ಬಾಗಿಲಿಗಿಂತ ಮೊದಲು ಕೆರೆಗೆ ಹೋಗಿ ಕೂತ. ಮುಂದೆ ಈ ಸೀಮೆ ಅವನ ಕೈಗೆ ಹೋಗಿಯೂ ಹೋಯಿತು, ಆಮೇಲೆ ಬೇರೆಯವರ ಕೈಗೆ. ಕದಂಬರು ಹೋದರು, ಹೊಯ್ಸಳರು ಹೋದರು, ಪೇಶ್ವೆಗಳು, ಕಂಪನಿಯವರು ಎಲ್ಲ ಹೋದರು. ಎಂಟುನೂರು ವರ್ಷದ ಹಿಂದೆ ಸೈನ್ಯ ಬೀಡುಬಿಟ್ಟ ಕೆರೆಯ ನೀರು ಕುಡಿದು ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ನನಗದು ಗೊತ್ತಿರಲಿಲ್ಲ.

ಮಧ್ಯಾಹ್ನ ಗುಡಿಗೆ ಹೋದೆವು. ತಾರಕೇಶ್ವರ ಗುಡಿಯ ಬಗ್ಗೆ ಹೆಚ್ಚು ಹೇಳಲ್ಲ, ಹೋಗಿ ನೋಡಿ. ಕಲ್ಯಾಣದ ಚಾಲುಕ್ಯರ ಕಾಲದ ಕೆಲಸ. ಕಡೆದು ನುಣುಪು ಮಾಡಿದ ಕಂಬಗಳು, ನಡುವೆ ನಿಂತು ಕತ್ತೆತ್ತಿದರೆ ಸುತ್ತು ಸುತ್ತಾಗಿ ಮೇಲೇರುವ ಗುಮ್ಮಟದಂಥ ಮಾಡು, ಅದರ ನಟ್ಟನಡುವೆ ತಲೆಕೆಳಗಾಗಿ ಇಳಿಬಿದ್ದ ಕಲ್ಲಿನ ತಾವರೆ. ಹೆನ್ರಿ ಕಸೆನ್ಸ್ 1926ರ ತನ್ನ ಚಾಲುಕ್ಯ ವಾಸ್ತುಶಿಲ್ಪದ ಪುಸ್ತಕದಲ್ಲಿ ಈ ಗುಡಿಗೆ ಜಾಗ ಕೊಟ್ಟಿದ್ದಾನೆ. ನೆಲದ ಮೇಲೆ ಅಂಗಾತ ಮಲಗಿ ನೋಡೋದು ಒಳ್ಳೆಯದು, ಕತ್ತು ನೋಯಲ್ಲ. ಗೆಳೆಯ ಹಾಗೇ ಮಲಗಿ ನೋಡಿದ. "ತಾವರೆ ಯಾಕೆ ಗೊತ್ತಾಯ್ತಾ? ಕೆರೆ ನೋಡಿದವರು ಕೆತ್ತಿದ್ದು" ಅಂದ. ಕಲೆಯ ಇತಿಹಾಸದವರು ಒಪ್ಪುತ್ತಾರೋ ಇಲ್ಲವೋ. ನನಗಂತೂ ಇಷ್ಟವಾಯ್ತು.

ಅಂಗಳದಲ್ಲಿ ವೀರಗಲ್ಲುಗಳಿವೆ. ಹೆಚ್ಚಿನವರು ಗುಡಿ ನೋಡಿ, ಸೆಲ್ಫಿ ತೆಗೆದು, ಇವನ್ನು ದಾಟಿ ಹೋಗುತ್ತಾರೆ. ನೀವು ಹಾಗೆ ಮಾಡಬೇಡಿ. ಕೆಳಗಿನ ಪಟ್ಟಿಯಲ್ಲಿ ಕಾಳಗ, ಅದರ ಮೇಲೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಎಲ್ಲಕ್ಕೂ ಮೇಲೆ ಶಿವಲಿಂಗ. ಕೆಳಗಿನಿಂದ ಮೇಲಕ್ಕೆ ಓದಬೇಕು. ಈ ನಾಡಿನ ಶಾಸನಗಳಲ್ಲಿ ಯುದ್ಧದಷ್ಟೇ ಕೆರೆಗಳ ಮಾತೂ ಬರುತ್ತದೆ. ಕೆರೆ ಕಟ್ಟಿಸಿದವರ ಹೆಸರು, ಏರಿ, ತೂಬು ರಿಪೇರಿಗೆ ಬಿಟ್ಟ ಭೂಮಿ, ಬಿತ್ತುವಟ್ಟ. ಬಿತ್ತುವಟ್ಟ ಅಂದರೆ ಕೆರೆಯ ಜೋಪಾನಕ್ಕೆ ಅಂತ ತೆಗೆದಿಟ್ಟ ಆದಾಯ. ಅಪಾರ್ಟ್‌ಮೆಂಟಿನ ಮೆಂಟೆನೆನ್ಸ್ ಚಾರ್ಜು ಅಂದುಕೊಳ್ಳಿ. ಒಂದೇ ವ್ಯತ್ಯಾಸ ಅಂದರೆ, ಅದನ್ನು ತಪ್ಪಿಸಿದವರಿಗೆ ಶಾಸನದ ಕೊನೆಯಲ್ಲಿ ನರಕದ ಶಾಪ ಇರುತ್ತಿತ್ತು.

ಮರುದಿನ ಅಪ್ಪ ಜೊತೆಗೆ ಬರಲಿಲ್ಲ, ಆದರೆ ಪ್ಲಾನ್ ಅವರದೇ ಆಗಿತ್ತು. "ಹೋದ ಊರಾಗ ಕೆರಿ ಎಲ್ಲೈತಿ ಅಂತ ಮೊದಲ ಕೇಳು" ಅಂದಿದ್ದರು. ಬಾಡಿಗೆ ಕಾರಿನಲ್ಲಿ ಹೊರಟೆವು. ಶಿಗ್ಗಾವಿ ತಾಲ್ಲೂಕಿನ ಬಂಕಾಪುರದಲ್ಲಿ ಕೋಟೆಯೊಳಗೆ ನಗರೇಶ್ವರ ಗುಡಿ, ಸುತ್ತ ನವಿಲುಧಾಮ. ಕಂದಕದ ಪೊದೆಗಳಲ್ಲಿ ನವಿಲು ಕೂಗುತ್ತಿದ್ದವು. ಅಲ್ಲಿಂದ ಹತ್ತಿರದಲ್ಲೇ ಬಾಡ, ಕನಕದಾಸರು ಹುಟ್ಟಿದ ಊರು. ಅದೇ ತಾಲ್ಲೂಕಿನ ಇನ್ನೊಂದು ಕಡೆ ಶಿಶುನಾಳ, ಶರೀಫರ ಊರು. ಒಂದೇ ತಾಲ್ಲೂಕಿನಲ್ಲಿ ಇಬ್ಬರು! ನಮ್ಮ ಹಾನಗಲ್ ತಾಲ್ಲೂಕೂ ಹಿಂದೆ ಬಿದ್ದಿಲ್ಲ. ಗಾನಯೋಗಿ ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಇಬ್ಬರೂ ನಮ್ಮ ತಾಲ್ಲೂಕಿನ ಹಳ್ಳಿಗಳಲ್ಲಿ ಹುಟ್ಟಿದವರು. ಕಣ್ಣು ಕಾಣದ ಆ ಹುಡುಗ ಪಂಚಾಕ್ಷರಿಗೆ ಸಂಗೀತ ಕಲಿಯುವ ದಾರಿ ಮಾಡಿಕೊಟ್ಟವರು ಹಾನಗಲ್ಲ ಕುಮಾರಸ್ವಾಮಿಗಳು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಬೇರು ಇಲ್ಲಿದೆ.

ಸವಣೂರಿನಲ್ಲಿ ದೊಡ್ಡಹುಣಸೆ ಮಠದ ಅಂಗಳದ ಮೂರು ದೈತ್ಯ ಮರಗಳನ್ನು ನೋಡಿದೆವು. ಜನ ದೊಡ್ಡ ಹುಣಸೆ ಅಂತಾರೆ, ಅದು ಆಫ್ರಿಕಾದ ಬಾವೋಬಾಬ್. ನೀರಿಲ್ಲದ ಕಾಲಕ್ಕೆ ಅಂತ ಕಾಂಡದಲ್ಲೇ ನೀರು ತುಂಬಿಟ್ಟುಕೊಳ್ಳುವ ಮರ. ಎಲ್ಲಿಂದಲೋ ಬಂದು ನಮ್ಮ ಸೀಮೆಯ ಬುದ್ಧಿ ಕಲಿತ ಹಾಗಿದೆ. ನವಾಬರ ಈ ಊರಿನಲ್ಲಿ ಕೆರೆಗೂ ನವಾಬಿ ಹೆಸರು: ಮೋತಿ ತಲಾಬ್. ಎರಡು ಪ್ಯಾಕೆಟ್ ಸವಣೂರ ಖಾರ ಕಟ್ಟಿಸಿಕೊಂಡು ಹಿರೇಕೆರೂರಿನ ದಾರಿ ಹಿಡಿದೆವು. ಹಿರೇಕೆರೂರು ಅನ್ನೋ ಹೆಸರಿನಲ್ಲೇ ಕೆರೆ ಇದೆ, ಊರಿಗೆ ಅಂಟಿಕೊಂಡೇ ದುರ್ಗಾದೇವಿ ಕೆರೆಯೂ ಇದೆ. ಆದರೆ ಆ ಕಡೆ ಹೋಗಬೇಕಾದ್ದು ಮಾಸೂರಿನ ಹತ್ತಿರದ ಮದಗಕ್ಕೆ. ವಿಜಯನಗರದ ಕಾಲದಲ್ಲಿ ಕುಮುದ್ವತಿ ನದಿಗೆ ಅಡ್ಡಲಾಗಿ, ಗುಡ್ಡದ ಸಂದಿಯಲ್ಲಿ ಕಟ್ಟಿದ ಏರಿ. ಏರಿ ಅನ್ನೋದಕ್ಕಿಂತ ಅದನ್ನೂ ಒಂದು ಗುಡ್ಡ ಅನ್ನಬೇಕು. ಕೆರೆ ಯಾವುದೋ ಕಾಲದಲ್ಲಿ ಒಡೆದುಹೋಯಿತು. ಈಗ ಇರೋದು ಹಳೆಯದರ ಒಂದು ತುಂಡು. ಮಳೆಗಾಲದಲ್ಲಿ ಅಲ್ಲಿ ಜಲಪಾತ ಬೀಳುತ್ತದೆ, ಜನ ಅದಕ್ಕೇ ಹೋಗುತ್ತಾರೆ. ನಾವು ಹೋದಾಗಲೂ ರೀಲ್ಸ್ ಮಾಡುವವರ ಸಾಲೇ ಇತ್ತು. ಗೆಳೆಯ ಜಲಪಾತಕ್ಕೆ ಬೆನ್ನು ಹಾಕಿ ನಿಂತು ಏರಿಯನ್ನೇ ನೋಡುತ್ತಿದ್ದ. "ಜೆಸಿಬಿ ಇಲ್ಲದೇ?" ಅಂದ. ಜೆಸಿಬಿ ಇಲ್ಲದೇ.

ಆ ರಾತ್ರಿ ಮನೆಗೆ ಬಂದು ಊಟ ಮಾಡಿದ ಮೇಲೆ ಗದ್ದೆಯ ಮಾತು ತೆಗೆದೆ.

ನಮ್ಮ ಗದ್ದೆ ಇರೋದು ಕಾಲುವೆಯ ತುದಿಯಲ್ಲಿ. ಕಾಲುವೆ ಊರುಗಳಲ್ಲಿ ಇದೇ ದೊಡ್ಡ ಜಾತಿ: ಮೇಲಿನವರು, ತುದಿಯವರು. ಮೇಲಿನವರ ಗದ್ದೆಗೆ ನೀರು ತಾನಾಗಿ ಬರುತ್ತದೆ. ತುದಿಯವರು ಪಾಳಿ ಕಾಯಬೇಕು. ಪಾಳಿ ನಡುರಾತ್ರಿಯಲ್ಲೂ ಬರಬಹುದು. ಅಪ್ಪ ಸಲಿಕೆ, ಬ್ಯಾಟರಿ, ಒಂದು ಕಂಬಳಿ ತಗೊಂಡು ಹೋಗಿ ಬದುವಿನ ಮೇಲೆ ಕೂತಿರುತ್ತಿದ್ದರು. ಮೇಲೆ ಯಾರಾದರೂ ತಮ್ಮ ಮಡಿಗೆ ನೀರು ತಿರುಗಿಸಿಕೊಂಡರೆ ಎದ್ದು ಹೋಗಿ ಜಗಳ ಆಡಿ ಬಿಡಿಸಿಕೊಂಡು ಬರಬೇಕು. ಜಗಳ ಆಡಿದವರ ಮನೆಯ ಮದುವೆಗೇ ವಾರದ ನಂತರ ಊಟಕ್ಕೂ ಹೋಗಬೇಕು. ಹೂಳು ತುಂಬುತ್ತಾ ಬಂದ ಹಾಗೆ ನೀರು ತುದಿಯವರೆಗೆ ಬರೋದು ಕಡಿಮೆಯಾಯಿತು. ಸುತ್ತ ಎಷ್ಟೋ ಜನ ಭತ್ತ ಬಿಟ್ಟು ಮಾವಿನ ತೋಟ ಹಾಕಿದರು. ಹಾನಗಲ್ ಈಗ ಮಾವಿಗೂ ಹೆಸರಾದ ತಾಲ್ಲೂಕು. ಅಪ್ಪ ಮಾತ್ರ ಭತ್ತ ಬಿಡಲಿಲ್ಲ.

ನಾನು ಲೆಕ್ಕ ಮುಂದಿಟ್ಟೆ. ಗದ್ದೆಯಿಂದ ವರ್ಷಕ್ಕೆ ಬರೋದು ಇಷ್ಟು, ಬೆಂಗಳೂರಿನ ಬಾಡಿಗೆ ಇಷ್ಟು, ಇಎಮ್‌ಐ ಇಷ್ಟು. ಎಕ್ಸೆಲ್ ಶೀಟ್ ಕೂಡ ಇತ್ತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಅಪ್ಪ ಸಿಟ್ಟಾಗಲಿಲ್ಲ. ಲೆಕ್ಕ ಪೂರ್ತಿ ಕೇಳಿ, "ಖರೇ ಐತಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನೀ ಒಂದ ಸಲನಾದರೂ ಪಾಳಿ ಕಾಯಾಕ ಬಂದೀಯೇನು?" ಅಂತ ಕೇಳಿದರು.

ಬಂದಿರಲಿಲ್ಲ. ಒಮ್ಮೆಯೂ. ಟ್ಯೂಷನ್ ಇತ್ತು, ಪರೀಕ್ಷೆ ಇತ್ತು, ಆಮೇಲೆ ಕಾಲೇಜು. "ನೀ ಓದು, ನೀರಿಗೆ ನಾ ಹೋಗ್ತೀನಿ" ಅಂದವರೂ ಅವರೇ. ಅದನ್ನು ನಾನು ನೆನಪಿಸಲಿಲ್ಲ, ಅವರೂ ನೆನಪಿಸಲಿಲ್ಲ.

'ಕೊನೆಗೆ ಗದ್ದೆ ಮಾರಲಿಲ್ಲ' ಅಂತ ಬರೆದರೆ ಈ ಕಥೆ ಓದಲಿಕ್ಕೆ ಚೆನ್ನಾಗಿರುತ್ತೆ. ಆದರೆ ಮಾರಿದೆವು. ಮರುವರ್ಷ ಬೇಸಿಗೆಯಲ್ಲಿ, ಮೇಲಿನ ಗದ್ದೆಯವರಿಗೇ, ಅಪ್ಪ ಜೀವನಪೂರ್ತಿ ನೀರಿಗಾಗಿ ಜಗಳ ಆಡಿದ್ದ ಮನೆಯವರಿಗೇ ಕೊಟ್ಟೆವು. ರೇಟಿನ ಬಗ್ಗೆ ಅಪ್ಪ ಒಂದು ಮಾತೂ ಆಡಲಿಲ್ಲ, ಅದೆಲ್ಲ ನಾನೇ ಮಾತಾಡಿದ್ದು. ಕಾಗದಕ್ಕೆ ಸಹಿ ಹಾಕಿ ಹೊರಗೆ ಬಂದು ಚಹಾ ಕುಡಿಯುವಾಗ ಅವರಿಗೆ ಒಂದೇ ಮಾತು ಹೇಳಿದರು: "ಮಳಿಗಿಂತ ಮೊದಲ ಬಾಯಿಕಡೆ ಹೂಳು ತಗಸ್ರಿ. ಇಲ್ಲಂದ್ರ ನೀರು ಹತ್ತೂದಿಲ್ಲ." ಆ ವರ್ಷ, 2023ರಲ್ಲಿ, ರಾಜ್ಯದ ಹೆಚ್ಚಿನ ತಾಲ್ಲೂಕುಗಳಲ್ಲಿ ಬರ ಬಿತ್ತು. ಒಳ್ಳೆಯ ಟೈಮಿಗೆ ಮಾರಿದ್ರಿ ಅಂತ ಊರವರು ಅಂದರು. ಅಪ್ಪ ಮಾತ್ರ ಮಳೆಯ ಲೆಕ್ಕ ನೋಡೋದನ್ನು ಬಿಡಲಿಲ್ಲ. ಗದ್ದೆ ಇಲ್ಲದಿದ್ದರೂ ಇವತ್ತಿಗೂ ಬೆಳಿಗ್ಗೆ ಪೇಪರ್ ತೆಗೆದರೆ ಮೊದಲು ನೋಡೋದು ಮುಂಡಗೋಡ, ಶಿರಸಿಯ ಮಳೆ ಎಷ್ಟು ಮಿಲಿಮೀಟರ್ ಅಂತ.

ಫ್ಲಾಟು ಕೈಗೆ ಬಂತು. ವರ್ತೂರಿನ ಕಡೆ, ಆರನೇ ಮಹಡಿ, ಎರಡು ಬಾಲ್ಕನಿ. ಗೃಹಪ್ರವೇಶ ಆಗಿ ಮೂರೇ ತಿಂಗಳಿಗೆ 2024ರ ಮಾರ್ಚ್ ಬಂತು. ಆ ಬೇಸಿಗೆ ನಿಮಗೂ ನೆನಪಿರಬೇಕು. ಬೋರ್‌ವೆಲ್ ಬತ್ತಿತು, ಕಾವೇರಿ ನೀರು ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ, ಟ್ಯಾಂಕರಿನವರು ಹೇಳಿದ್ದೇ ರೇಟು. ವಾಟ್ಸ್ಯಾಪ್ ಗ್ರೂಪಿನಲ್ಲಿ ಇಂಥ ಟವರಿಗೆ ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ನೀರು ಅಂತ ಮೆಸೇಜು ಬರತೊಡಗಿತು. ನಡುರಾತ್ರಿ ಹನ್ನೆರಡಕ್ಕೆ ಟ್ಯಾಂಕರ್ ಬಂದಾಗ ಕೆಳಗಿಳಿದು ಹೋಗಿ, ಅದು ನಮ್ಮ ಬ್ಲಾಕಿನ ಸಂಪಿಗೇ ಖಾಲಿಯಾಗುತ್ತಿದೆಯಾ, ಪಕ್ಕದ ಬ್ಲಾಕಿಗೆ ತಿರುಗಿತಾ ಅಂತ ಟಾರ್ಚು ಹಿಡಿದು ನಿಂತು ನೋಡುವ ಕೆಲಸ ಕಮಿಟಿಯವರು ಸರದಿಯ ಮೇಲೆ ಹಂಚಿದರು. ಅವತ್ತು ನನ್ನ ಸರದಿ. ಅಪ್ಪ ಊರಿನಿಂದ ಬಂದಿದ್ದರು, ನಿದ್ದೆ ಬರಲ್ಲ ಅಂತ ನನ್ನ ಜೊತೆಗೇ ಕೆಳಗೆ ಬಂದರು. ಟ್ಯಾಂಕರಿನ ಪೈಪು, ನನ್ನ ಕೈಯ ಟಾರ್ಚು ಎರಡನ್ನೂ ನೋಡಿದರು. "ಇದೂ ಪಾಳಿನ ಐತಲ್ಲೋ" ಅಂದರು. ನಗಲಿಲ್ಲ. ನಾನೂ ನಗಲಿಲ್ಲ.

ಬೆಳಿಗ್ಗೆ ವಾಕಿಂಗ್ ಹೋದಾಗ ನಮ್ಮ ಕಾಂಪೌಂಡಿನ ಹಿಂದಿನ ರಾಜಕಾಲುವೆಯ ಹತ್ತಿರ ಅಪ್ಪ ನಿಂತುಬಿಟ್ಟರು. ಎರಡೂ ಕಡೆ ಕಾಂಕ್ರೀಟ್ ಗೋಡೆ, ನಡುವೆ ಕಪ್ಪು ನೀರು, ನೊರೆ. ಮೂಗು ಮುಚ್ಚಿಕೊಳ್ಳಲಿಲ್ಲ ಅವರು. ಆ ಕಡೆ ಈ ಕಡೆ ನೋಡಿ ಇಳಿಜಾರು ಅಂದಾಜು ಮಾಡಿದರು. "ಈ ಕಾಲುವಿ ಯಾವ ಕೆರಿಗೆ ಹೋಗ್ತೈತಿ?"

ನನಗೆ ಗೊತ್ತಿರಲಿಲ್ಲ. ಸೆಕ್ಯುರಿಟಿಯವರನ್ನು ಕೇಳಿದೆ, ಗೊತ್ತಿರಲಿಲ್ಲ. ಲಿಫ್ಟಿನಲ್ಲಿ ಸಿಕ್ಕ ಕಮಿಟಿಯವರನ್ನು ಕೇಳಿದೆ. "ಅದು ಸ್ಟಾರ್ಮ್ ವಾಟರ್ ಡ್ರೈನ್ ಸಾರ್, ನಮಗೆ ಸಂಬಂಧ ಇಲ್ಲ" ಅಂದರು. ಆವತ್ತು ಸಂಜೆ ಮ್ಯಾಪಿನಲ್ಲಿ ಬೆರಳಿಟ್ಟು ಹಿಂದಕ್ಕೂ ಮುಂದಕ್ಕೂ ಹೋದೆ. ಅಗರ ಕೆರೆಯಿಂದ ಬೆಳ್ಳಂದೂರು ಕೆರೆಗೆ, ಬೆಳ್ಳಂದೂರಿನಿಂದ ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ನಮ್ಮ ಹಿಂದಿನದು ಆ ಸರಪಣಿಗೆ ಸೇರುವ ಒಂದು ಎಳೆ. ಒಂದು ಕೆರೆಯ ಕೋಡಿ ಇನ್ನೊಂದು ಕೆರೆಗೆ. ಹಾನಗಲ್ಲಿನಲ್ಲಿ ನೋಡಿದ ಅದೇ ಲೆಕ್ಕ! ನದಿಯೇ ಇಲ್ಲದ ಜಾಗದಲ್ಲಿ ಇಷ್ಟು ದೊಡ್ಡ ಊರು ಬೆಳೆದದ್ದು ಈ ಕೆರೆ, ಕಾಲುವೆಗಳ ಮೇಲೆ. ಆಮ್‌ಸ್ಟರ್‌ಡ್ಯಾಮ್ ಫೋಟೋ ನೋಡಿ ನಿಟ್ಟುಸಿರು ಬಿಟ್ಟ ನಾವೆಲ್ಲ ವರ್ಷಗಟ್ಟಲೆ ಒಂದು ಕಾಲುವೆ ಊರಿನಲ್ಲೇ ಇದ್ದೆವು. ಮೂಗು ಮುಚ್ಚಿಕೊಂಡು ಇದ್ದೆವು, ಅಷ್ಟೇ.

ಮ್ಯಾಪ್ ತೋರಿಸಿದಾಗ ಅಪ್ಪ ಕನ್ನಡಕ ಹಾಕಿಕೊಂಡು ನಿಧಾನಕ್ಕೆ ನೋಡಿದರು. "ಹಂಗಾದ್ರ ನೀವೂ ತುದಿಯವರ" ಅಂದರು.

ಮೊನ್ನೆ ಆಲಪ್ಪುಳದ ಗೆಳೆಯ ಮತ್ತೆ ಕೇಳಿದ, ಹಾನಗಲ್ಲಿಗೆ ಅವನ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬೇಕಂತೆ, ಯಾವಾಗ ಹೋಗೋದು ಅಂತ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರಿನಲ್ಲಿ ಹೋಗಿ. ಕಾಲುವೆಯಲ್ಲಿ ನೀರಿರುತ್ತೆ, ಭತ್ತ ಹಸಿರಾಗಿರುತ್ತೆ. ಗುಡಿಗೆ ಮಧ್ಯಾಹ್ನ ಹೋಗಿ, ಒಳಗೆ ತಂಪಾಗಿರುತ್ತೆ. ಬೆಳಿಗ್ಗೆ ಮಾತ್ರ ಕಾಲುವೆಯ ದಂಡೆ ಹಿಡಿದು ಆನಿಕೆರೆಯವರೆಗೆ ನಡೆಯಿರಿ. ದಾರಿಯಲ್ಲಿ ಸಲಿಕೆ ಹೆಗಲಿಗೆ ಹಾಕಿಕೊಂಡು ಯಾರಾದರೂ ಸಿಕ್ಕರೆ, ಗುಡಿ ಎಲ್ಲಿ ಅಂತ ಕೇಳಬೇಡಿ. ಈ ನೀರು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ ಅಂತ ಕೇಳಿ. ಕೈಯಲ್ಲಿ ಒಂದು ಗಂಟೆ ಟೈಮ್ ಇಟ್ಟುಕೊಂಡೇ ಕೇಳಿ.